ಎರಡು ಮನೆಯ ಸೀರೆ, ಒಂದು ಕೌದಿ

ಹಿರೇಕೆರೂರು, ಅಬಲೂರು ಸೀಮೆಯ ಮದುವೆಗಳಲ್ಲಿ ಗೋಡೆ ಗಡಿಯಾರ, ಸ್ಟೀಲ್ ಡಬ್ಬಿ, ಗಾಜಿನ ಲೋಟಗಳದ್ದೇ ರಾಶಿ. ಹಿಂದಿನ ಸಂಜೆ ಪೇಟೆಗೆ ಓಡಿದರೆ ಬೇರೇನು ಸಿಗುತ್ತದೆ? ಹಾವೇರಿಯ ಏಲಕ್ಕಿ ಹಾರ ಚೆಂದವೇ. ಆದರೆ ಅದು ಕೊರಳಿಗೆ ಬೀಳುವ ಗಳಿಗೆಯ ಗೌರವ. ಸೋದರಮಾವ, ಅತ್ತೆ, ಅಕ್ಕ-ಭಾವಂದಿರು ಗಂಡ-ಹೆಂಡತಿ ಇಬ್ಬರಿಗೂ ಸೇರುವಂಥದ್ದನ್ನು ಕೊಡಬೇಕೆಂದಿದ್ದರೆ, ಎರಡೂ ಮನೆಯ ಸೀರೆ ಕೂಡಿಸಿ ಹೊಲಿಸಿದ ಕೌದಿಗೆ ಸಾಟಿಯಿಲ್ಲ. ಹಣದ ಮುಯ್ಯಿ ಬೇಡವೆಂದಲ್ಲ, ಮದುವೆ ಖರ್ಚಿಗೆ ಅದೇ ಆಸರೆ. ಅದರ ಜೊತೆಗೆ ಇದು.

ಉಟ್ಟು ಬಿಟ್ಟ ಸೀರೆಯನ್ನು ಶುಭಕಾರ್ಯಕ್ಕೆ ಕೊಡುವುದೇ ಎಂದು ಹಿರಿಯರು ಹುಬ್ಬೇರಿಸುತ್ತಾರೆ. ಅದೇ ಹಿರಿಯರು ಹಸುಗೂಸನ್ನು ಸುತ್ತುವುದು ಅಜ್ಜಿಯ ಹಳೇ ಸೀರೆಯಲ್ಲಿ, ತೊಟ್ಟಿಲಿಗೆ ಹಾಸುವುದು ಕೌದಿಯನ್ನು. ಹತ್ತಾರು ಬಾರಿ ಒಗೆದ ಹತ್ತಿಯ ಮೆತ್ತನೆ ಅಂಗಡಿಯ ಬ್ಲಾಂಕೆಟ್ಟಿಗೆ ಬರುವುದಿಲ್ಲ. ಜಿಪುಣತನ ಎನ್ನುವವರು ಇಷ್ಟಗಲ ಕೌದಿಗೆ ಕೈಯಲ್ಲಿ ಟಾಕಿ ಹಾಕುವ ಕೂಲಿ ಎಷ್ಟೆಂದು ಒಮ್ಮೆ ವಿಚಾರಿಸಲಿ. ಆದರೂ ಬೀಗರ ಮನಸ್ಸಿಗೆ ಸಮಾಧಾನವಾಗಲೆಂದು ಅಂಚಿಗೆ ಹೊಸ ಬಟ್ಟೆ ಹಾಕಿಸಬಹುದು.

ಎಡವುವುದು ಆ ಹೊಸ ಬಟ್ಟೆಯಲ್ಲೇ. ಹೊಸ ಹತ್ತಿ ಮೊದಲ ಒಗೆತಕ್ಕೆ ಕುಗ್ಗುತ್ತದೆ, ಹಳೆಯದು ಕುಗ್ಗುವುದಿಲ್ಲ. ಒಟ್ಟಿಗೆ ಹೊಲಿದಿದ್ದರೆ ಅಂಚು ಎಳೆದುಕೊಂಡು ನಡುವಿನ ಬಟ್ಟೆ ಗಂಟುಗಂಟಾಗುತ್ತದೆ. ಕೆಂಪು, ನೀಲಿಯಾದರೆ ಬಣ್ಣವೂ ಬಿಡುತ್ತದೆ. ಇಡೀ ಕೌದಿ ಕಲೆ. ಹಾಗಾಗಿ ಹೊಲಿಯಲು ಕೊಡುವ ಮೊದಲೇ ಹೊಸ ಬಟ್ಟೆಯನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ, ಒಗೆದು, ಒಣಗಿಸಿ. ಒದ್ದೆಯಿರುವಾಗ ಬಿಳಿ ಅರಿವೆಯಿಂದ ಉಜ್ಜಿ ನೋಡಿ. ಬಣ್ಣ ಹತ್ತಿದರೆ ಮತ್ತೆ ನೆನೆಸಿ, ಆಮೇಲೂ ಹತ್ತಿದರೆ ಆ ಬಟ್ಟೆ ಬೇಡ. ಬೇಸರದ ಕೆಲಸ ಹೌದು, ಬಿಟ್ಟವರು ಮಾತ್ರ ಕೆಡಿಸಿಕೊಂಡಿದ್ದಾರೆ. ಪಾಲಿಸ್ಟರ್ ಸೀರೆಯಂತೂ ಬೇಡವೇ ಬೇಡ: ಪದರ ಜಾರುತ್ತದೆ, ಬೇಸಿಗೆಯಲ್ಲಿ ಬೆವರು ಹೀರುವುದಿಲ್ಲ. ಮೈಗೆ ಚುಚ್ಚುವ ಜರಿ ಇದ್ದರೆ ಬಿಚ್ಚಿಸಿ.

ಲೆಕ್ಕ ಸರಳ. ಸುಮಾರು 18 ಅಡಿ ಉದ್ದದ ಸೀರೆಯನ್ನು ಅಡ್ಡಕ್ಕೆ ಎರಡು ಮಾಡಿ ಅಂಚಿಗೆ ಅಂಚು ಜೋಡಿಸಿದರೆ 9 ಅಡಿ ಉದ್ದ, ಏಳು ಅಡಿಗೆ ತುಸು ಮಿಕ್ಕ ಅಗಲ, ಅಂದರೆ ಇಬ್ಬರಿಗಾಗುವ ಒಂದು ಪದರ. ನಾಲ್ಕು ಪದರಕ್ಕೆ ಗಂಡಿನ ಮನೆಯ ಎರಡು, ಹೆಣ್ಣಿನ ಮನೆಯ ಎರಡು ಸೀರೆ. ಒಂದೊಂದು ಮನೆಯದು ಒಂದೊಂದು ಮೇಲ್ಮೈಗೆ ಕಾಣಲಿ. ಅದಕ್ಕಿಂತ ದಪ್ಪ ಮಾಡಿಸಬೇಡಿ: ಹೊಳೆದಂಡೆಯಲ್ಲಿ ನಾಲ್ಕು ಜನ ಸೇರಿ ಹಿಂಡುವ ಕಾಲ ಹೋಯಿತು, ಬೆಂಗಳೂರಿನ ಫ್ಲ್ಯಾಟಿನ ಬಾಲ್ಕನಿಯಲ್ಲಿ ಒಣಗಬೇಕು.

ಬೇಸಿಗೆಯ ಮದುವೆಗೆ ಸಂಕ್ರಾಂತಿಯೊಳಗೇ ಸೀರೆ ಒಪ್ಪಿಸಿ. ಗೋವಿನಜೋಳದ ಒಕ್ಕಲು ಮುಗಿದ ಮೇಲೆ ಹೊಲಿಯುವ ಹೆಣ್ಣುಮಕ್ಕಳಿಗೂ ಬಿಡುವು. ಕೂಲಿ ಮೊದಲೇ ಮಾತಾಡಿ, ಅರ್ಧ ಮುಂಗಡ ಕೊಡಿ. ಗಡಿಯಾರದ ಅಂಗಡಿಯಲ್ಲಿ ಮಾಡದ ಚೌಕಾಸಿಯನ್ನು ಇವರ ಹತ್ತಿರ ಮಾಡಬೇಡಿ.