ಇವತ್ತೇ ಯಾಕೆ ಬಂದರು ಎಂದು ಕೇಳು

ಚಿರಂಜೀವಿ ಮಗಳಿಗೆ,

ಗಾದಿಗನೂರಿನಿಂದ ನಿನ್ನ ದೊಡ್ಡಪ್ಪ ಬರೆಯುತ್ತಿದ್ದೇನೆ. ಫೋನಿನಲ್ಲಿ ನಿನ್ನ ದನಿ ಯಾಕೋ ಇಳಿದಿತ್ತು ಎಂದು ನಿನ್ನ ದೊಡ್ಡಮ್ಮನ ಚಿಂತೆ. ರಾತ್ರಿ ಡ್ಯೂಟಿ ಇದ್ದರೂ ಹೊತ್ತಿಗೆ ಸರಿಯಾಗಿ ಉಣ್ಣು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಟ್ಟಿದ್ದಾಳೆ. ಧಾರವಾಡದ ಕಡೆ ಹೋಗುವವರು ಸಿಕ್ಕರೆ ಕಳಿಸುತ್ತೇನೆ.

ನೀನು ವಾಟ್ಸಾಪಿಗೆ ಹಾಕಿದ ಥೀಸಿಸಿನ ಪ್ರೊಫಾರ್ಮಾ ತಲುಪಿತು. ಮೊಬೈಲಿನಲ್ಲಿ ಅಷ್ಟು ಸಣ್ಣ ಅಕ್ಷರ ಕಾಣಿಸಲಿಲ್ಲ, ಹೊಸಪೇಟೆಗೆ ಹೋದಾಗ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿಕೊಂಡು ಬಂದೆ. ಗಾಂಜಾ ಚಟಕ್ಕೆ ಚಿಕಿತ್ಸೆ ಕೇಳಿಕೊಂಡು ಬರುವವರು ಎಂಥವರು ಎಂದು ತಿಳಿಯುವುದು ನಿನ್ನ ಕೆಲಸ. ವಯಸ್ಸು, ಓದು, ಉದ್ಯೋಗ, ಮೊದಲ ಸಲ ಸೇದಿದ ವಯಸ್ಸು, ದಿನಕ್ಕೆ ಎಷ್ಟು ಸಲ, ಜೊತೆಗೆ ತಂಬಾಕು ಉಂಟೋ, ಕುಡಿತ ಉಂಟೋ, ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೋ. ಒಳ್ಳೆಯ ಪ್ರಶ್ನೆಗಳೇ. ಪೆನ್ಸಿಲ್ ಹಿಡಿದು ಎರಡು ಸಲ ಓದಿದೆ. ನಾನು ಡಾಕ್ಟರನಲ್ಲ, ಆರೋಗ್ಯ ಸಹಾಯಕನಾಗಿ ಸೈಕಲ್ ತುಳಿದು ಊರೂರು ತಿರುಗಿದವನು. ಆದರೂ ಜನರ ಬಾಯಿಂದ ಮಾತು ಹೊರಡಿಸಿ ರಿಜಿಸ್ಟರಿಗೆ ಇಳಿಸುವ ಕೆಲಸ ನೌಕರಿಯುದ್ದಕ್ಕೂ ಮಾಡಿದ್ದೇನೆ. ಆ ಸಲುಗೆಯಿಂದ ನಾಲ್ಕು ಮಾತು ಬರೆಯುತ್ತೇನೆ, ಸಾವಧಾನವಾಗಿ ಓದು.

ನೀನು ಹುಟ್ಟುವ ಎಷ್ಟೋ ಮೊದಲು, 1985ರಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನವರು ನಮ್ಮ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು ಒಂದು ಹೊಸ ಪ್ರಯತ್ನ ಶುರು ಮಾಡಿದರು. ಹೊಸಪೇಟೆ ಆಗ ಬಳ್ಳಾರಿಗೇ ಸೇರಿತ್ತು, ವಿಜಯನಗರ ಜಿಲ್ಲೆಯಾದದ್ದು 2021ರಲ್ಲಿ. ಮನಸ್ಸಿನ ಕಾಯಿಲೆಗೆಂದು ಜನ ಬೆಂಗಳೂರಿಗೋ ಧಾರವಾಡಕ್ಕೋ ಅಲೆಯುವುದು ತಪ್ಪಬೇಕು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಗುಳಿಗೆ ಸಿಗಬೇಕು, ಅಲ್ಲಿನ ಡಾಕ್ಟರು ಮತ್ತು ನಮ್ಮಂಥ ಸಿಬ್ಬಂದಿಗೇ ತರಬೇತಿ ಕೊಡಬೇಕು ಎಂಬುದು ಅವರ ಯೋಚನೆ. ಮುಂದೆ 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿದಾಗ ಮಾದರಿಯಾಗಿ ಇಟ್ಟುಕೊಂಡದ್ದು ಇದನ್ನೇ. ನೀವು ಓದುವ ಪುಸ್ತಕಗಳಲ್ಲಿ ‘ಬಳ್ಳಾರಿ ಮಾದರಿ’ ಎಂದು ಬರುತ್ತದಲ್ಲ, ಅದು ಈ ಕೆಂಪು ಮಣ್ಣಿನ ಹಾದಿಗಳಲ್ಲಿ ನಡೆದದ್ದು. ನನಗೆ ಈಗಲೂ ಅದರ ಹೆಮ್ಮೆಯಿದೆ.

ಆ ದಿನಗಳಲ್ಲಿ ಕಲಿತ ಒಂದು ಸಂಗತಿ. ಮನೆ ಮುಂದೆ ಸೈಕಲ್ ನಿಲ್ಲಿಸಿ “ನಿಮ್ಮನೇಲಿ ಮಾನಸಿಕ ರೋಗಿಗಳು ಇದ್ದಾರೇನ್ರೀ” ಎಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. “ಓಣ್ಯಾಗ ಯಾರಿಗಾದರೂ ರಾತ್ರಿ ನಿದ್ದಿ ಬರದೇ ತಮ್ಮಷ್ಟಕ್ಕೆ ತಾವೇ ಮಾತಾಡೋದು ಐತೇನು” ಎಂದರೆ ಕಟ್ಟೆಯ ಮೇಲೆ ಕೂರಿಸಿ ನೀರು ಕೊಟ್ಟು ಹೇಳುತ್ತಿದ್ದರು. ನಮ್ಮ ಗಮನವೆಲ್ಲ ಆಗ ಚಿತ್ತವಿಕಲತೆ, ಮೂರ್ಛೆರೋಗ, ಬುದ್ಧಿಮಾಂದ್ಯತೆಗಳ ಕಡೆಗಿತ್ತು. ಗಾಂಜಾ ಸೇದುವವರು ಕಣ್ಣಿಗೆ ಬೀಳುತ್ತಿದ್ದರು, ಗುಡಿಯ ಹಿಂದೆ, ಕಾಲುವೆ ಏರಿಯ ಮೇಲೆ. ಅದನ್ನು ಯಾರೂ ಕಾಯಿಲೆ ಎಂದು ಎಣಿಸುತ್ತಿರಲಿಲ್ಲ. ಬಂಗಿ ಸೇದುವ ಸಾಧುವಿಗೆ ನಮಸ್ಕಾರ, ಅದನ್ನೇ ಸೇದುವ ಹಮಾಲನಿಗೆ ಬೈಗುಳ, ಅಷ್ಟೇ. ಯಾದಗಿರಿ ಜಿಲ್ಲೆಯ ತಿಂಥಿಣಿ ಮೌನೇಶ್ವರರ ಸನ್ನಿಧಿಯಲ್ಲಿ ಗಾಂಜಾವನ್ನು ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುವ ಭಕ್ತರಿದ್ದಾರೆ. ಅಂಥ ಮನೆತನದವನೊಬ್ಬ ನಿನ್ನೆದುರು ಬಂದು ಕೂತರೆ ‘ದುಶ್ಚಟ’ ಎಂಬ ಶಬ್ದ ನಿನ್ನ ಬಾಯಿಂದ ಬರುತ್ತಲೇ ಅವನು ಮೌನವಾಗುತ್ತಾನೆ.

ಇಲ್ಲಿನವರು ಈ ಚಟ ಎಲ್ಲಿಂದ ಬಂತು ಎಂಬುದಕ್ಕೆ ಸದಾ ಒಂದು ಬೇರೆ ಊರಿನ ಹೆಸರು ಹೇಳುತ್ತಾರೆ. ಹಂಪಿಗೆ ಬಂದ ಪರದೇಶದವರು ತಂದರು ಎಂದು ಕೆಲವರು. ಹೊಳೆಯಾಚೆ ವಿರುಪಾಪುರ ಗಡ್ಡೆಯ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ 2020ರ ಮಾರ್ಚಿನಲ್ಲಿ ಕೆಡವಿದಾಗ, ಇನ್ನು ಹುಡುಗರು ಸರಿಹೋಗುತ್ತಾರೆ ಎಂದು ಹೋಟೆಲಿನಲ್ಲಿ ಮಾತಾಡಿಕೊಂಡರು. ಗಣಿ ಲಾರಿಯವರು ತಂದರು ಎಂದು ಇನ್ನು ಕೆಲವರು. ಗಣಿಗಾರಿಕೆ ಜೋರಾಗಿದ್ದ ಕಾಲದಲ್ಲಿ ಸಂಡೂರಿನಿಂದ ಅದಿರು ಹೊತ್ತ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು, ಹುಡುಗರು ಶಾಲೆ ಬಿಟ್ಟು ಕ್ಲೀನರ್ ಆಗುತ್ತಿದ್ದರು. 2011ರಲ್ಲಿ ಕೋರ್ಟು ಗಣಿಗಾರಿಕೆ ನಿಲ್ಲಿಸಿದಾಗ ಅದೇ ಹುಡುಗರು ಕೈ ಖಾಲಿ ಮಾಡಿಕೊಂಡು ಮನೆಗೆ ಬಂದರು. ಎರಡು ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ. ಆದರೆ ಬಂಗಿಸೊಪ್ಪು ಈ ಸೀಮೆಗೆ ಇವರಿಬ್ಬರಿಗಿಂತಲೂ ಹಳೆಯದು.

ಹಳೆಯದು ಎಂದೆನಲ್ಲ, ನಿನಗೆ ಬೇಕಾದ ಒಂದು ಹಳೆಯ ಸಂಗತಿ ಹೇಳಬೇಕು. ಬ್ರಿಟಿಷರ ಕಾಲದಲ್ಲಿ ಗಾಂಜಾ ಸೇದಿ ಜನ ಹುಚ್ಚರಾಗುತ್ತಿದ್ದಾರೆ, ಹುಚ್ಚಾಸ್ಪತ್ರೆಗಳು ತುಂಬುತ್ತಿವೆ ಎಂಬ ಗುಲ್ಲೆದ್ದು 1893ರಲ್ಲಿ ಸರ್ಕಾರ ಒಂದು ಆಯೋಗ ನೇಮಿಸಿತು. ಅವರು ಆಸ್ಪತ್ರೆಗಳ ಕಡತ ತೆಗೆಸಿದರು. 1892ರಲ್ಲಿ ದಾಖಲಾದ 1,344 ಜನರಲ್ಲಿ 222 ಮಂದಿಯ ಹುಚ್ಚಿಗೆ ಗಾಂಜಾ, ಭಂಗಿ, ಚರಸ್ ಕಾರಣವೆಂದು ಬರೆದಿತ್ತು. ಒಬ್ಬೊಬ್ಬರ ಕಥೆಯನ್ನೂ ಮತ್ತೆ ವಿಚಾರಿಸಿ ನೋಡಿದಾಗ ಉಳಿದದ್ದು 98, ಅದರಲ್ಲೂ 37ರಲ್ಲಿ ಬೇರೆ ಕಾರಣಗಳು ಬೆರೆತಿದ್ದವು. ಹಾಗಾದರೆ ಬಿದ್ದುಹೋದ ಪ್ರಕರಣಗಳು ಎಲ್ಲಿಂದ ಬಂದಿದ್ದವು? ರೋಗಿಯನ್ನು ಹಿಡಿದು ತರುವ ಪೊಲೀಸರ ಕಾಗದದಲ್ಲಿ ‘ಕಾರಣ’ ಎಂಬ ಒಂದು ಕಾಲಂ ಇತ್ತು. ಅದನ್ನು ಖಾಲಿ ಬಿಡುವಂತಿರಲಿಲ್ಲ. ಅವನು ಗಾಂಜಾ ಸೇದುತ್ತಾನೆ ಎಂದು ಯಾರೋ ಅಂದರೆ ಅದೇ ಬರೆದು ಮುಗಿಸುತ್ತಿದ್ದರು. ನೀನೀಗ ಓದುತ್ತಿರುವ ಧಾರವಾಡದ ಆಸ್ಪತ್ರೆಯೂ 1845ರಲ್ಲಿ ಹುಚ್ಚಾಸ್ಪತ್ರೆಯಾಗಿಯೇ ಹುಟ್ಟಿದ್ದು ತಾನೆ? ನೀನು ತುಂಬುವ ಕಾಲಂಗೂ ಅಷ್ಟು ವಯಸ್ಸಾಗಿದೆ ಎಂದುಕೋ.

ಇದರಿಂದ ಗಾಂಜಾ ನಿರಪರಾಧಿ ಎಂದು ನಾನು ಹೇಳುತ್ತಿಲ್ಲ. ಎಳೆಯ ವಯಸ್ಸಿನಲ್ಲಿ ಶುರುಮಾಡಿ ದಿನವೂ ಸೇದುವವರಿಗೆ ಚಿತ್ತವಿಕಲತೆಯ ಅಪಾಯ ಹೆಚ್ಚು ಎಂಬುದು ಈಗ ಚೆನ್ನಾಗಿ ಗೊತ್ತಿರುವ ವಿಷಯ, ನನಗಿಂತ ನಿನಗೇ ಗೊತ್ತು. ಮೈಯಲ್ಲಿ ಮೊದಲೇ ಕಾಯಿಲೆಯ ಬೀಜವಿದ್ದವನು ನಿದ್ದೆಗೆಂದು ಸೇದಿರಬಹುದು, ಸೇದಿದ್ದರಿಂದಲೇ ಕಾಯಿಲೆ ಬಂದಿರಬಹುದು. ಯಾವುದು ಮೊದಲು ಎಂದು ತಾಯಿಯನ್ನೂ ಕೇಳು, ಅವನನ್ನೂ ಕೇಳು, ಬೇರೆ ಬೇರೆ ಕೂರಿಸಿ ಕೇಳು.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ರಿಟೈರಾಗುವ ಸ್ವಲ್ಪ ಮೊದಲಿನದು. ನಮ್ಮ ರಾಜ್ಯದಲ್ಲಿ 2014ರಿಂದ ಮನೋಚೈತನ್ಯ ಎಂದು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡಾಯಿತಲ್ಲ, ಅಂಥ ಒಂದು ಮಂಗಳವಾರ ಬೆಂಚಿನ ಮೇಲೆ ತಾಯಿ ಮಗ ಕೂತಿದ್ದರು. ತಾಯಿಯ ಕೈಯಲ್ಲಿ ಓಪಿಡಿ ಚೀಟಿ, ಬೆವರಿಗೆ ಒದ್ದೆಯಾಗಿ ಮಡಿಕೆಯಲ್ಲಿ ಹರಿಯುತ್ತಿತ್ತು. ಯಾಕಪ್ಪಾ ಬಂದದ್ದು ಎಂದೆ. “ನಿದ್ದಿ ಬರವಲ್ದು ಸಾರ್” ಎಂದ. “ಸುಳ್ಳು ಹೇಳ್ತಾನ್ರೀ, ಸೊಪ್ಪು ಸೇದ್ತಾನ” ಎಂದಳು ತಾಯಿ. ಎಷ್ಟು ದಿನದಿಂದಮ್ಮ ಎಂದರೆ ವರ್ಷಗಳೇ ಆಗಿದ್ದವು. ಹಾಗಾದರೆ ಇವತ್ತೇ ಯಾಕೆ ಕರಕೊಂಡು ಬಂದೆ ಎಂದು ಕೇಳಿದಾಗ ಗೊತ್ತಾಯಿತು. ಆಸ್ಪತ್ರೆ ಚೀಟಿ ತಂದರೆ ಮಾತ್ರ ಮತ್ತೆ ಲಾರಿ ಹತ್ತಿಸುತ್ತೇನೆ ಎಂದು ಮಾಲೀಕ ಹೇಳಿದ್ದ. ಮಗನಿಗೆ ಬೇಕಿದ್ದದ್ದು ನಿದ್ದೆ, ತಾಯಿಗೆ ಬೇಕಿದ್ದದ್ದು ಅವನ ಸಂಬಳ, ಮಾಲೀಕನಿಗೆ ಬೇಕಿದ್ದದ್ದು ಚೀಟಿ. ರಿಜಿಸ್ಟರಿನಲ್ಲಿ ಬರೆದದ್ದು ‘ಗಾಂಜಾ ಬಿಡಲು ಸ್ವಇಚ್ಛೆಯಿಂದ ಬಂದಿದ್ದಾನೆ’ ಎಂದು.

ಆಮೇಲೆ ಅವನನ್ನು ಹೊರಗೆ ಬೇವಿನ ಮರದಡಿ ಕರೆದುಕೊಂಡು ಹೋಗಿ ಚಹಾ ಕುಡಿಸಿದೆ. ಹಿಂದೆ ಯಾವತ್ತಾದರೂ ಬಿಡಲು ನೋಡಿದ್ದೀಯಾ ಎಂದೆ, ಇಲ್ಲ ಎಂದ. ಶ್ರಾವಣ ಹಿಡಿದಿದ್ಯಾ, ಮಾಲೆ ಹಾಕಿದ್ಯಾ ಎಂದು ಕೇಳಿದೆ. ಆಗ ಬಂತು ಮಾತು. ಪ್ರತಿ ಶ್ರಾವಣಕ್ಕೂ ಬಿಡುತ್ತಿದ್ದ. ಅಂಜನಾದ್ರಿಗೆಂದು ಹನುಮಮಾಲೆ ಹಾಕಿದಾಗಲೂ ಬಿಟ್ಟಿದ್ದ. ಎರಡು ಮೂರು ದಿನಕ್ಕೆ ಊಟ ಸೇರುತ್ತಿರಲಿಲ್ಲ, ಮೈಯೆಲ್ಲ ಬೆವರು, ಕಣ್ಣು ಮುಚ್ಚಿದರೆ ಕೆಟ್ಟ ಕನಸು, ತಂಗಿ ಮಾತಾಡಿಸಿದರೂ ಸಿಟ್ಟು. ತನಗೆ ಹುಚ್ಚೇ ಹಿಡಿಯುತ್ತಿದೆ ಎಂದು ಹೆದರಿ ಮತ್ತೆ ಸೇದುತ್ತಿದ್ದ. ಗಾಂಜಾ ಬಿಟ್ಟವರಿಗೆ ಹೀಗಾಗುವುದು ಸಹಜ, ಮೊದಲ ವಾರ ಜೋರಾಗಿರುತ್ತದೆ, ಎರಡು ಮೂರು ವಾರದಲ್ಲಿ ಬಹುಪಾಲು ಇಳಿಯುತ್ತದೆ ಎಂದು ಅಷ್ಟು ವರ್ಷದಲ್ಲಿ ಯಾರೂ ಅವನಿಗೆ ಹೇಳಿರಲಿಲ್ಲ. ಗಾಂಜಾದಿಂದ ಮೈಗೆ ಅಂಟುಬೀಳುವುದಿಲ್ಲ, ಮನಸ್ಸು ಮಾಡಿದರೆ ನಾಳೆಯೇ ಬಿಡಬಹುದು ಎಂದೇ ಎಲ್ಲರೂ ಅಂದಿದ್ದರು. ಬಿಡಲಾಗದ್ದಕ್ಕೆ ತನ್ನ ಮನಸ್ಸೇ ಕೆಟ್ಟದ್ದು ಎಂದುಕೊಂಡಿದ್ದ.

ಅಮೆರಿಕದ ರಾಷ್ಟ್ರೀಯ ಮಾದಕ ವ್ಯಸನ ಸಂಸ್ಥೆಯವರು ಅಲ್ಲಿ ಗಾಂಜಾಕ್ಕೆ ಚಿಕಿತ್ಸೆ ಕೇಳಿ ಬರುವ ವಯಸ್ಕರ ಬಗ್ಗೆ ಬರೆದದ್ದನ್ನು ನೀನೇ ಒಮ್ಮೆ ಕಳಿಸಿದ್ದೆ. ಸರಾಸರಿ ಹತ್ತು ವರ್ಷಕ್ಕೂ ಮೀರಿ ಹೆಚ್ಚುಕಡಿಮೆ ದಿನವೂ ಸೇದಿ, ಆರಕ್ಕೂ ಹೆಚ್ಚು ಸಲ ತಾವೇ ಬಿಡಲು ಹೆಣಗಿ, ಆಮೇಲೆ ಬಾಗಿಲು ತಟ್ಟುತ್ತಾರೆ ಎಂದಿತ್ತು. ನಮ್ಮವರೂ ಹೆಣಗಿರುತ್ತಾರೆ ಮಗಳೆ. ಅದನ್ನು ‘ಬಿಡುವ ಪ್ರಯತ್ನ’ ಎಂದು ಕರೆಯುವುದಿಲ್ಲ, ವ್ರತ ಎನ್ನುತ್ತಾರೆ. ಹಿಂದೆ ಬಿಡಲು ಪ್ರಯತ್ನಿಸಿದ್ದೀರಾ ಎಂಬ ನಿನ್ನ ಪ್ರೊಫಾರ್ಮಾದ ಹದಿನಾಲ್ಕನೇ ಪ್ರಶ್ನೆಗೆ ಎಲ್ಲರೂ ‘ಇಲ್ಲ’ ಎಂದರೆ ಅದನ್ನು ನಂಬಿ ಮುಂದೆ ಹೋಗಬೇಡ.

‘ದಿನಕ್ಕೆ ಎಷ್ಟು ಸಲ’ ಎಂಬುದಕ್ಕೂ ಹೀಗೆಯೇ. ಒಂದು ಚಿಲುಮೆ ಐದು ಜನರ ಕೈ ಸುತ್ತಿದರೆ ಅದನ್ನು ಎಷ್ಟು ಎಂದು ಎಣಿಸುತ್ತಾನೆ? ಒಂದು ಪೊಟ್ಟಣ ಎಷ್ಟು ದಿನ ಬರುತ್ತದೆ, ವಾರಕ್ಕೆ ಎಷ್ಟು ರೂಪಾಯಿ ಹೋಗುತ್ತದೆ, ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಬೇಕೆನಿಸುತ್ತದೆ ಎಂದು ಕೇಳು. ಬೀಡಿ ಸಿಗರೇಟಿನ ತಂಬಾಕಿಗೆ ಬೆರೆಸಿ ಸೇದುವವನಿಗೆ ತಂಬಾಕಿನ ಚಟವೂ ಇರುತ್ತದೆ, ಒಂದನ್ನೇ ಬಿಡಿಸಲು ಹೋದರೆ ಇನ್ನೊಂದು ಅವನನ್ನು ಮತ್ತೆ ಎಳೆದುಕೊಂಡು ಹೋಗುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟವಾಗುವುದು ಬಾರದೇ ಇರುವವರ ಬಗ್ಗೆ. ದೆಹಲಿಯ ಏಮ್ಸ್‌ನವರು ದೇಶವಿಡೀ ಸಮೀಕ್ಷೆ ಮಾಡಿ 2019ರಲ್ಲಿ ಕೊಟ್ಟ ವರದಿಯಲ್ಲಿ, ಹಿಂದಿನ ಒಂದು ವರ್ಷದಲ್ಲಿ ಭಂಗಿ, ಗಾಂಜಾ, ಚರಸ್ ಬಳಸಿದವರು ಸುಮಾರು 3.1 ಕೋಟಿ, ಅವರಲ್ಲಿ ಸಹಾಯ ಬೇಕಾದವರು ಸುಮಾರು 72 ಲಕ್ಷ ಎಂದಿದೆ. ಕಾನೂನುಬಾಹಿರ ಮಾದಕ ವಸ್ತುಗಳಿಗೆ ಅಂಟಿಕೊಂಡವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆಯೇ ಸಿಕ್ಕಿಲ್ಲ. ಅಂದರೆ ನಿನ್ನ ಎದುರು ಕೂತ ಒಬ್ಬನ ಹಿಂದೆ ಬಾರದ ಹಲವರು ಇದ್ದಾರೆ. ಬಂದವರಲ್ಲಿ ಬಹುತೇಕ ಗಂಡಸರೇ ಇರುತ್ತಾರೆ, ಹಾಗೆಂದು ಹೆಂಗಸರಲ್ಲಿ ಇಲ್ಲ ಎಂದು ಬರೆದುಬಿಡಬೇಡ. ತೋರಣಗಲ್ಲಿನ ಕಾರ್ಖಾನೆಗಳ ಕೆಲಸಕ್ಕೆ ಬಿಹಾರ, ಒಡಿಶಾದಿಂದ ಬಂದು ಶೆಡ್ಡುಗಳಲ್ಲಿ ಇರುವ ಹುಡುಗರು ಒಂದು ದಿನದ ಕೂಲಿ ಬಿಟ್ಟು, ಬಾರದ ಭಾಷೆಯಲ್ಲಿ ಕೌನ್ಸೆಲಿಂಗಿಗೆ ಕೂರುತ್ತಾರೆಯೆ? ಕರೆತರುವ ತಾಯಿಯಾದರೂ ಅವರ ಹತ್ತಿರ ಎಲ್ಲಿದ್ದಾಳೆ?

ಇನ್ನೊಂದು ಭಯ ಪೊಲೀಸರದು. ಆಸ್ಪತ್ರೆಯಲ್ಲಿ ಹೆಸರು ಬರೆಸಿದರೆ ಠಾಣೆಗೆ ಹೋಗುತ್ತದೆ ಎಂದು ಜನ ನಂಬಿದ್ದಾರೆ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲೇ 64ಎ ಎಂಬ ಕಲಮಿದೆ. ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಕಡೆ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ, ಚಿಕಿತ್ಸೆ ಪೂರ್ತಿ ಮಾಡಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆ ಅವನ ಗುಟ್ಟು ಕಾಯುವ ಹಕ್ಕನ್ನೂ ಕೊಟ್ಟಿದೆ. ಪ್ರೊಫಾರ್ಮಾ ತೆರೆಯುವ ಮೊದಲು ಇದನ್ನು ಬಾಯಿಬಿಟ್ಟು ಹೇಳು. ಬಾರದವರಿಗೆ ತಲುಪಿಸಲೆಂದು 14446ರ ವ್ಯಸನ ಸಹಾಯವಾಣಿ, 14416ರ ಟೆಲಿ ಮಾನಸ್ ನಂಬರುಗಳನ್ನು ಚೀಟಿಯಲ್ಲಿ ಬರೆದು ಬಂದವನ ಕೈಗೇ ಕೊಡು. ಜೊತೆಗೆ ಸೇದುವ ಗೆಳೆಯನಿಗೆ ಅವನು ಹೇಳಿದಷ್ಟು ಚೆನ್ನಾಗಿ ನಾವು ಹೇಳಲಾರೆವು.

ಇಷ್ಟೆಲ್ಲ ಬರೆದದ್ದು ಒಂದು ಮಾತು ಕೇಳಿಕೊಳ್ಳಲು. ವಯಸ್ಸು, ಜಾತಿ, ಓದು ಬರೆಯುವ ಮೊದಲು, ಮೊಟ್ಟಮೊದಲ ಸಾಲಿನಲ್ಲಿ ‘ಇವತ್ತೇ ಯಾಕೆ ಬಂದಿರಿ, ಯಾರು ಕರೆತಂದರು’ ಎಂಬ ಪ್ರಶ್ನೆ ಹಾಕು. ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೋ, ಬರೀ ಕೋಡ್ ನಂಬರು ಹಾಕಿ ಮುಗಿಸಬೇಡ. ನಿನ್ನ ಗೈಡ್ ಒಪ್ಪದಿದ್ದರೆ ಕೊನೆಯ ಪುಟದ ಹಿಂದೆಯಾದರೂ ಬರೆ. ಗಾಂಜಾ ಚಟ ಬಿಡಿಸಲೆಂದೇ ಮಾನ್ಯತೆ ಪಡೆದ ಗುಳಿಗೆ ಇನ್ನೂ ಇಲ್ಲ, ಮಾತೇ ಔಷಧಿ ಎಂದು ನೀನೇ ಹೇಳಿದ್ದೆ. ಆ ಮಾತನ್ನು ಎಲ್ಲಿಂದ ಶುರು ಮಾಡಬೇಕು ಎಂಬುದು ಈ ಉತ್ತರದಲ್ಲೇ ಸಿಗುತ್ತದೆ.

ವಾರ್ಡಿನಲ್ಲಿ ಒಮ್ಮೊಮ್ಮೆ ಜೋರು ಮಾಡುವವರು ಇರುತ್ತಾರೆ, ಒಬ್ಬಳೇ ಕೂತು ಕೇಳಬೇಡ, ಬಾಗಿಲ ಹತ್ತಿರದ ಕುರ್ಚಿ ನಿನ್ನದಾಗಿರಲಿ. ರಜೆಗೆ ಬರುವಾಗ ಪ್ರೊಫಾರ್ಮಾದ ಕನ್ನಡ ಪ್ರತಿ ತಾ. ‘ಆವರ್ತನ’, ‘ಅವಲಂಬನೆ’ ಎಂದೆಲ್ಲ ಇರುವ ಕಡೆ ನಾನು ಪೆನ್ಸಿಲಿನಿಂದ ಗುರುತು ಹಾಕಿದ್ದೇನೆ. ಇಬ್ಬರೂ ಕೂತು ಅವನ್ನು ನಮ್ಮ ಕಡೆಯ ಮಾತಿಗೆ ಇಳಿಸೋಣ, ನಿನ್ನ ದೊಡ್ಡಮ್ಮನಿಗೆ ಓದಿ ಹೇಳೋಣ. ಅವಳಿಗೆ ತಿಳಿದರೆ ಎಲ್ಲರಿಗೂ ತಿಳಿಯುತ್ತದೆ. ಯಾವ ರೈಲಿಗೆ ಹತ್ತುತ್ತೀ ಎಂದು ಮೊದಲೇ ತಿಳಿಸು, ಹೊಸಪೇಟೆ ಸ್ಟೇಷನ್ನಿಗೆ ಬಂದಿರುತ್ತೇನೆ.

ಇಂತು ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ