ಇಡಿಗಂಟಿನ ಮೇಲೂ ದಶಮಾಂಶವೇ?

ಸಹೋದರಿ, ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ ಕೆಲಸ ಶುರುವಾದದ್ದು 1837ರಲ್ಲಿ. ಅಂಥ ಹಳೆಯ ಸಭೆಯಲ್ಲಿ ಬೆಳೆದ ನಿಮಗೆ ದಶಮಾಂಶ ತಪ್ಪಿಸುವುದು ಎಷ್ಟು ಸಂಕಟವೆಂದು ಬಲ್ಲೆ. ಆದರೂ ಕುಣಿಗಲ್ ಶಾಲೆಯಿಂದ ನಿವೃತ್ತರಾದಾಗ ಬರುವ ಇಡಿಗಂಟಿನಿಂದ ಒಮ್ಮೆಗೇ ಹತ್ತರಲ್ಲೊಂದು ಪಾಲು ತೆಗೆಯಬೇಡಿ. ಪೂರ್ತಿ ಸಂಬಳದ ಮೇಲೆ ಆಗಲೇ ಕೊಟ್ಟಿದ್ದೀರಿ, ಪಿ.ಎಫ್.ಗೆ ನೀವು ಕಟ್ಟಿದ ಹಣವೂ ಅದರೊಳಗೇ ಇತ್ತು. ತುಮಕೂರಿನ ಅಂಚೆ ಕಚೇರಿಯಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ 15 ಲಕ್ಷ ಹಾಕಿದರೆ, ಶೇ 8.2ರ ಬಡ್ಡಿಯಲ್ಲಿ ಮೂರು ತಿಂಗಳಿಗೊಮ್ಮೆ 30,750 ರೂಪಾಯಿ ಬರುತ್ತದೆ. ಅದರಲ್ಲಿ ಕೊಡಿ, 3,075. ಅತ್ತೆಯವರ ಔಷಧಿ ಖರ್ಚು ಏರಿದಾಗ ಕಡಿಮೆ ಕೊಟ್ಟರೂ ಅಳುಕಬೇಡಿ. ದೇವರಿಗೆ ಮುಡಿಪೆಂದು ಹೇಳಿ ಹೆತ್ತವರನ್ನು ಕೈಬಿಡುವುದನ್ನು ಯೇಸುವೇ ಖಂಡಿಸಿದ್ದು ಮಾರ್ಕನ ಸುವಾರ್ತೆಯ 7ನೇ ಅಧ್ಯಾಯದಲ್ಲಿದೆ. ಸಭಾಪಾಲಕರ ಮುಂದೆ ಈ ಲೆಕ್ಕವಿಟ್ಟು ಮಾತಾಡಿ.