ಕಂಪನಿಯ ಊರು ಯಾವುದು?

ಚಹಾ ಅಂಗಡಿಯಲ್ಲಿ ನಾವು ದಿನವೂ ಬಳಸುವ ಫೋನ್‌ಪೇ ಬೆಂಗಳೂರಿನದು. ಆದರೆ 2022ರವರೆಗೆ ಅದರ ಮಾತೃ ಸಂಸ್ಥೆ ನೋಂದಣಿಯಾಗಿದ್ದುದು ಸಿಂಗಪುರದಲ್ಲಿ. ಕೆಲಸ ಇಲ್ಲಿ, ವಿಳಾಸ ಅಲ್ಲಿ. ಇದರಿಂದ ಏನು ವ್ಯತ್ಯಾಸ?

ವಿದ್ಯಾರ್ಥಿಗಳೇ, ಪ್ರಥಮ ಪಿಯುಸಿಯ ಪಾಠ ನೆನಪಿಸಿಕೊಳ್ಳಿ. ಕಂಪನಿಯು ತನ್ನ ಸದಸ್ಯರಿಂದ ಬೇರೆಯಾದ, ಕಾನೂನು ಸೃಷ್ಟಿಸಿದ ವ್ಯಕ್ತಿ. ಷೇರುದಾರರ ಹಕ್ಕು, ನಿರ್ದೇಶಕರ ಹೊಣೆ ಮುಂತಾದವನ್ನು ಸಾಮಾನ್ಯವಾಗಿ ಅದು ನೋಂದಣಿಯಾದ ದೇಶದ ಕಾನೂನೇ ನಿರ್ಧರಿಸುತ್ತದೆ.

ತಿಪಟೂರಿನ ಕೊಬ್ಬರಿ ಕಂಪನಿಯೊಂದು ತನ್ನ ನೋಂದಾಯಿತ ಕಚೇರಿಯನ್ನು ಕೇರಳಕ್ಕೆ ಸ್ಥಳಾಂತರಿಸುತ್ತದೆ ಎಂದುಕೊಳ್ಳೋಣ. ಅದಕ್ಕೆ ವಿಶೇಷ ನಿರ್ಣಯ ಬೇಕು, ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು. ಸಾಲ ಕೊಟ್ಟವರ ಸಮ್ಮತಿ ಅಥವಾ ಸಾಲ ತೀರಿಸುವ ಏರ್ಪಾಡು ಇರಲೇಬೇಕು. ಆದರೆ ಕಾನೂನು ಬದಲಾಗದು. ಎರಡೂ ರಾಜ್ಯಗಳಿಗೆ 2013ರ ಕಂಪನಿ ಕಾಯ್ದೆ ಒಂದೇ.

ಯುರೋಪಿನಲ್ಲಿ ಹಾಗಲ್ಲ, ದೇಶಕ್ಕೊಂದು ಕಂಪನಿ ಕಾನೂನು. ಡೆನ್ಮಾರ್ಕಿನಲ್ಲಿ ಕಂಪನಿ ತೆರೆಯಲು ಕನಿಷ್ಠ 2,00,000 ಕ್ರೋನರ್ ಬಂಡವಾಳ ಬೇಕಿತ್ತು. ಅದನ್ನು ತಪ್ಪಿಸಲು ಅಲ್ಲಿನ ದಂಪತಿ 1992ರಲ್ಲಿ ಬ್ರಿಟನ್ನಿನಲ್ಲಿ ‘ಸೆಂಟ್ರೋಸ್’ ಎಂಬ ಕಂಪನಿ ನೋಂದಾಯಿಸಿ, ಅದರ ಶಾಖೆಯನ್ನು ತಮ್ಮ ದೇಶದಲ್ಲಿ ತೆರೆಯಲು ಹೊರಟರು. ಡೆನ್ಮಾರ್ಕ್ ನಿರಾಕರಿಸಿತು. ಯುರೋಪಿಯನ್ ನ್ಯಾಯಾಲಯ 1999ರಲ್ಲಿ ಕಂಪನಿಯ ಪರವಾಗಿ ತೀರ್ಪಿತ್ತಿತು. ಬಳಿಕ ದೇಶಗಳ ನಡುವೆ ಪೈಪೋಟಿ ಹೆಚ್ಚಿತು. 2008ರಲ್ಲಿ ಜರ್ಮನಿ 1 ಯೂರೋ ಬಂಡವಾಳದ ಕಂಪನಿಗೂ ಅವಕಾಶ ಕೊಟ್ಟಿತು.

ಈ ಪೈಪೋಟಿ ಒಳ್ಳೆಯದೇ? ನಮ್ಮ ಕೊಬ್ಬರಿ ಮಾರುಕಟ್ಟೆಯನ್ನೇ ನೋಡಿ. ಚಿಕ್ಕನಾಯಕನಹಳ್ಳಿ, ತುರುವೇಕೆರೆ ಕಡೆಯ ರೈತರು ತಿಪಟೂರಿಗೆ ಕೊಬ್ಬರಿ ತರುವುದು ಹೆಚ್ಚು ಖರೀದಿದಾರರಿದ್ದಾರೆಂದು. ಬೆಲೆಯಲ್ಲಿ ಪೈಪೋಟಿ ನಡೆದರೆ ರೈತನಿಗೆ ಲಾಭ. ವರ್ತಕರನ್ನು ಸೆಳೆಯಲು ಮಾರುಕಟ್ಟೆಯೇ ತೂಕವನ್ನು ಸಡಿಲಿಸಿದರೆ ನಷ್ಟವೂ ಅವನಿಗೇ. ಕಂಪನಿ ಕಾನೂನೂ ಹಾಗೆಯೇ: ನೋಂದಣಿ ಸುಲಭವಾಗಲಿ, ರಕ್ಷಣೆ ಸಡಿಲವಾಗದಿರಲಿ. ಅದಕ್ಕೇ ಯುರೋಪಿನ 2019ರ ನಿರ್ದೇಶನವು ಗಡಿಯಾಚೆ ಸ್ಥಳಾಂತರಕ್ಕೆ ದಾರಿ ಮಾಡಿಕೊಡುತ್ತಲೇ ಸಾಲಗಾರರಿಂದ ಹಣ ಬರಬೇಕಾದವರಿಗೆ, ಸಣ್ಣ ಷೇರುದಾರರಿಗೆ, ನೌಕರರಿಗೆ ರಕ್ಷಣೆ ಒದಗಿಸಿತು.

ಫೋನ್‌ಪೇ ಸಿಂಗಪುರದಿಂದ ಮರಳಿದಾಗ ಹೂಡಿಕೆದಾರರು ಸುಮಾರು 8,000 ಕೋಟಿ ರೂಪಾಯಿ ತೆರಿಗೆ ಕಟ್ಟಬೇಕಾಯಿತೆಂದು ಅದರ ಮುಖ್ಯಸ್ಥರೇ 2023ರಲ್ಲಿ ಹೇಳಿದರು. 2024ರ ಸೆಪ್ಟೆಂಬರಿನಲ್ಲಿ ನಮ್ಮ ಸರ್ಕಾರ ಇಂಥ ಮರಳುವಿಕೆಯ ವಿಧಾನವನ್ನು ಸರಳಗೊಳಿಸಿತು. ನಾವೂ ಪೈಪೋಟಿಯಲ್ಲಿದ್ದೇವೆ.

ನಾಳೆ ನಿಮ್ಮಲ್ಲೇ ಒಬ್ಬರು ಕಂಪನಿ ಕಟ್ಟಬಹುದು. ವಿಳಾಸ ಬದಲಿಸುವಾಗ ಎಷ್ಟು ಉಳಿತಾಯ ಎಂದಷ್ಟೇ ಲೆಕ್ಕ ಹಾಕಬೇಡಿ. ನಿಮ್ಮನ್ನು ನಂಬಿ ಸರಕು, ಸಾಲ, ದುಡಿಮೆ ಕೊಟ್ಟವರ ಪಾಡೇನು ಎಂದೂ ಕೇಳಿಕೊಳ್ಳಿ.